ನಾಲ್ಕು ಸೆಕೆಂಡುಗಳ ಅನುರಣನ

ಪ್ರತಿವರ್ಷ ಸಂಗೀತ ಸರಣಿಯ ಮೊದಲ ಅಭ್ಯಾಸದ ಸಂಜೆ ನಮ್ಮ ವೃಂದನಿರ್ದೇಶಕರು ಸ್ವರಲಿಪಿಯ ಪುಸ್ತಕಗಳನ್ನು ಹಂಚುವುದಕ್ಕೂ ಮುನ್ನ ಖಾಲಿ ಚರ್ಚಿನ ನಡುಹಾದಿಯಲ್ಲಿ ನಿಂತು ಒಂದೇ ಒಂದು ಸಲ ಗಟ್ಟಿಯಾಗಿ ಚಪ್ಪಾಳೆ ತಟ್ಟುತ್ತಾರೆ. ಆ ಸದ್ದು ಕಮಾನಿನ ಛಾವಣಿಯವರೆಗೆ ಏರಿ, ಕಲ್ಲಿನ ಕಂಬಗಳ ಸುತ್ತ ಸುಳಿದು, ಹಿಂದಿನ ಗ್ಯಾಲರಿಯಲ್ಲಿರುವ ಆರ್ಗನ್ ಎಂಬ ಗಾಳಿವಾದ್ಯದ ಕೊಳವೆಗಳನ್ನು ಸವರಿಕೊಂಡು, ಸುಮಾರು ನಾಲ್ಕು ಸೆಕೆಂಡುಗಳ ಬಳಿಕ ಎಲ್ಲಿ ಮುಗಿಯಿತೆಂದು ಹೇಳಲಾಗದ ಹಾಗೆ ಅಡಗುತ್ತದೆ. ಹೊಸದಾಗಿ ಸೇರಿದವರಿಗೆ ಅವರು ಹೇಳುವುದು ಇಷ್ಟೇ: ‘ಈ ನಾಲ್ಕು ಸೆಕೆಂಡುಗಳೂ ನಿಮ್ಮ ಜೊತೆಯಲ್ಲಿ ಹಾಡುತ್ತವೆ. ಅವುಗಳಿಗೆ ಜಾಗ ಬಿಡಿ.’ ನಾನು ಈ ವೃಂದದ ಆಲ್ಟೊ ಗುಂಪಿನಲ್ಲಿ, ಅಂದರೆ ಹೆಂಗಸರ ತಗ್ಗುದನಿಯ ಸಾಲಿನಲ್ಲಿ, ಒಂಬತ್ತು ವರ್ಷಗಳಿಂದ ಹಾಡುತ್ತಿದ್ದೇನೆ. ಆ ಮಾತನ್ನು ಒಂಬತ್ತು ಸಲ ಕೇಳಿಸಿಕೊಂಡಿದ್ದೇನೆ. ಅದರ ಅರ್ಥ ನನಗೆ ಪೂರ್ತಿಯಾಗಿ ತಿಳಿದದ್ದು ಮಾತ್ರ ಎರಡು ವಾರಗಳ ಹಿಂದೆ ಮುಗಿದ ಈ ವರ್ಷದ ಸರಣಿಯಲ್ಲಿ.

ನಮ್ಮದು ದೊಡ್ಡ ವೃಂದವಲ್ಲ. ಹದಿನಾಲ್ಕು ಸೊಪ್ರಾನೊ (ಹೆಂಗಸರ ಏರುದನಿ), ಹನ್ನೆರಡು ಆಲ್ಟೊ, ಐದು ಟೆನರ್ (ಗಂಡಸರ ಏರುದನಿ), ಏಳು ಬೇಸ್ (ಗಂಡಸರ ತಗ್ಗುದನಿ), ಒಟ್ಟು ಮೂವತ್ತೆಂಟು ಜನ. ಟೆನರ್ ದನಿಯ ಕೊರತೆ ಎಲ್ಲ ಹವ್ಯಾಸಿ ವೃಂದಗಳಿಗೂ ಇರುವಂಥದ್ದೇ. ವಾರಕ್ಕೊಂದು ಸಂಜೆ ಎರಡು ಗಂಟೆಗಳ ಅಭ್ಯಾಸ, ವರ್ಷಕ್ಕೆ ಐದು ಕಛೇರಿ. ಐದರಲ್ಲಿ ಮೂರು ವೃಂದದ್ದು, ಒಂದು ಆರ್ಗನ್ನಿನದು, ಮತ್ತೊಂದು ತಂತಿವಾದ್ಯಗಳ ಚತುಷ್ಟಯದ್ದು. ಹಾಡುವವರು ಸಂಭಾವನೆ ಪಡೆಯುವುದಿಲ್ಲ. ಏಕಗಾಯಕರೂ ವಾದಕರೂ ಪಡೆಯುತ್ತಾರೆ. ಈ ವ್ಯತ್ಯಾಸದ ಬಗ್ಗೆ ಆಗಾಗ ಚರ್ಚೆ ನಡೆಯುವುದುಂಟು. ನನ್ನ ಮಟ್ಟಿಗೆ ಅದರಲ್ಲಿ ಗೊಂದಲವಿಲ್ಲ: ಸಂಗೀತವೇ ಯಾರ ಜೀವನೋಪಾಯವೋ ಅವರನ್ನು ಪುಕ್ಕಟೆಯಾಗಿ ಕರೆಯುವುದು ಸರಿಯಲ್ಲ, ಅದೇ ರೀತಿ ಕೇಳಲು ಬರುವವರನ್ನು ಬಾಗಿಲಲ್ಲಿ ಹಣಕ್ಕಾಗಿ ತಡೆಯುವುದೂ ಸರಿಯಲ್ಲ. ಹೀಗಾಗಿ ಬಾಗಿಲ ಬಳಿ ಕಾಣಿಕೆಯ ಪೆಟ್ಟಿಗೆಯೊಂದಿರುತ್ತದೆ, ಚೀಟಿ ಇರುವುದಿಲ್ಲ.

ಈ ಪದ್ಧತಿಗೆ ಹಳೆಯ ಪರಂಪರೆಯಿದೆ. ಜರ್ಮನಿಯ ಲ್ಯೂಬೆಕ್ ನಗರದ ಸಂತ ಮರಿಯಳ ಚರ್ಚಿನಲ್ಲಿ 1668ರಿಂದ 1707ರವರೆಗೆ ಆರ್ಗನ್ ವಾದಕರಾಗಿದ್ದ ಡೀಟ್ರಿಕ್ ಬುಕ್ಸ್‌ಟೆಹೂಡೆ, ತಮ್ಮ ಪೂರ್ವಾಧಿಕಾರಿ ಫ್ರಾಂಟ್ಸ್ ಟುಂಡರ್ ಆರಂಭಿಸಿದ್ದ ಸಂಜೆಯ ಸಂಗೀತ ಕಾರ್ಯಕ್ರಮಗಳನ್ನು ಬೆಳೆಸಿ, ಕ್ರಿಸ್ಮಸ್‌ಗೆ ಮುಂಚಿನ ದಿನಗಳಲ್ಲಿ ಐದು ಭಾನುವಾರಗಳ ಸರಣಿಯನ್ನಾಗಿ ರೂಪಿಸಿದರು. ವೆಚ್ಚವನ್ನು ಊರಿನ ವರ್ತಕರು ವಹಿಸಿಕೊಳ್ಳುತ್ತಿದ್ದರು. ಕೇಳುವವರಿಗೆ ಪ್ರವೇಶ ಮುಕ್ತವಾಗಿತ್ತು. ಆರಾಧನೆಯ ಭಾಗವಲ್ಲದ, ಆದರೆ ಚರ್ಚಿನೊಳಗೇ ನಡೆಯುವ, ವರ್ಷದಿಂದ ವರ್ಷಕ್ಕೆ ಜನ ಎದುರು ನೋಡುವ ಸಂಗೀತ ಸರಣಿ ಎಂಬ ಕಲ್ಪನೆಗೆ ಇದಕ್ಕಿಂತ ಒಳ್ಳೆಯ ಮಾದರಿ ನನಗೆ ಗೊತ್ತಿಲ್ಲ. 1705ರಲ್ಲಿ ಇಪ್ಪತ್ತು ವರ್ಷದ ಆರ್ಗನ್ ವಾದಕ ಯೋಹಾನ್ ಸೆಬಾಸ್ಟಿಯನ್ ಬಾಖ್ ಆರ್ನ್‌ಸ್ಟಾಟ್‌ನಿಂದ ಸುಮಾರು 400 ಕಿಲೋಮೀಟರ್ ದೂರವನ್ನು ಕಾಲ್ನಡಿಗೆಯಲ್ಲಿ ಕ್ರಮಿಸಿ ಅಲ್ಲಿಗೆ ಹೋದದ್ದು, ನಾಲ್ಕು ವಾರಗಳ ರಜೆ ಕೇಳಿದ್ದವರು ಸುಮಾರು ನಾಲ್ಕು ತಿಂಗಳು ಕಳೆದು ಮರಳಿದ್ದು, ಬಂದ ಮೇಲೆ ಮೇಲಧಿಕಾರಿಗಳಿಂದ ಆಕ್ಷೇಪಣೆ ಕೇಳಬೇಕಾದದ್ದು ಸಂಗೀತಪ್ರಿಯರಿಗೆಲ್ಲ ತಿಳಿದ ಸಂಗತಿ. ಆ ಯುವಕನನ್ನು ಅಷ್ಟು ದಿನ ಹಿಡಿದಿಟ್ಟದ್ದು ಒಂದು ಕಛೇರಿಯಲ್ಲ, ಸರಣಿ ಎಂಬುದನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ಒಂದು ಸಂಜೆ ಕೇಳಿದ್ದು ಮುಂದಿನ ವಾರ ಕೇಳುವುದಕ್ಕೆ ಕಿವಿಯನ್ನು ಹದಗೊಳಿಸುತ್ತದೆ.

ನಮ್ಮ ಸರಣಿಯ ಮೊದಲ ಕಛೇರಿ ಆರಂಭವಾದದ್ದು ಆಂಟನ್ ಬ್ರುಕ್ನರ್ 1869ರಲ್ಲಿ ಲಿಂಟ್ಸ್ ನಗರದಲ್ಲಿ ಪ್ರಾರ್ಥನಾಮಂದಿರವೊಂದರ ಪ್ರತಿಷ್ಠೆಗಾಗಿ ಬರೆದ ‘ಲೋಕುಸ್ ಇಸ್ತೆ’ ಎಂಬ ಕಿರುಗೀತದಿಂದ. ‘ಈ ಸ್ಥಳವು ದೇವರಿಂದ ಉಂಟಾಯಿತು’ ಎಂದು ಆರಂಭವಾಗುವ ಲ್ಯಾಟಿನ್ ಸಾಲುಗಳನ್ನು ನಾಲ್ಕು ಧ್ವನಿಗಳು ಯಾವ ವಾದ್ಯದ ಆಸರೆಯೂ ಇಲ್ಲದೆ ಮೂರು ನಿಮಿಷಗಳ ಕಾಲ ಹಾಡಬೇಕು. ಕಾಗದದ ಮೇಲೆ ಅದು ಸರಳವಾಗಿ ಕಾಣುತ್ತದೆ. ಆದರೆ ನಡುವಿನ ಭಾಗದಲ್ಲಿ ಬೇಸ್ ದನಿ ಮೌನವಾಗುತ್ತದೆ; ಉಳಿದ ಮೂರು ದನಿಗಳು ಅರ್ಧರ್ಧ ಸ್ವರದ ಅಂತರದಲ್ಲಿ ಮೆಲ್ಲಗೆ ಸರಿಯುತ್ತ ಹೋಗಬೇಕು. ಕಾಲ ಕೆಳಗಿನ ನೆಲವನ್ನು ತೆಗೆದುಬಿಟ್ಟು ನಡೆಯಿರಿ ಎಂದ ಹಾಗೆ ಅದು. ಕೆಳಮುಖವಾಗಿ ಇಳಿಯುವಾಗ ಪ್ರತಿ ಹೆಜ್ಜೆಯೂ ಬೇಕಾದುದಕ್ಕಿಂತ ಕೂದಲೆಳೆಯಷ್ಟು ದೊಡ್ಡದಾಗುತ್ತದೆ, ಮೇಲೇರುವಾಗ ಅಷ್ಟೇ ಚಿಕ್ಕದಾಗುತ್ತದೆ, ಹಾಗಾಗಿ ಯಾರೊಬ್ಬರೂ ತಪ್ಪು ಸ್ವರ ಹಾಡದಿದ್ದರೂ ಇಡೀ ವೃಂದದ ಶ್ರುತಿ ಕುಸಿಯುತ್ತದೆ.

ಆ ಸಂಜೆ ನಮ್ಮ ಶ್ರುತಿ ಕುಸಿಯಿತು. ಹಾಡುತ್ತಿದ್ದ ನಮಗೆ ಅದು ತಿಳಿಯಲಿಲ್ಲ, ಏಕೆಂದರೆ ಮೂವತ್ತೆಂಟು ಜನರೂ ಒಟ್ಟಿಗೇ ಇಳಿದಿದ್ದೆವು. ಮುಂದಿನ ಕೃತಿ ಶುಬರ್ಟ್ ಅವರು 1815ರ ಮಾರ್ಚ್ ತಿಂಗಳಲ್ಲಿ, ತಮ್ಮ ಹದಿನೆಂಟನೆಯ ವಯಸ್ಸಿನಲ್ಲಿ, ಒಂದು ವಾರದೊಳಗೆ ಬರೆದು ಮುಗಿಸಿದ ಜಿ ಮೇಜರ್ ಎಂಬ ಸ್ವರಶ್ರೇಣಿಯ, ಬಲಿಪೂಜೆಯ (ಕ್ಯಾಥೊಲಿಕ್ ಆರಾಧನೆಯ) ಸಂಗೀತ. ತಂತಿವಾದ್ಯಗಳೂ ಆರ್ಗನ್ನೂ ತಮ್ಮ ನಿಜವಾದ ಶ್ರುತಿಯಲ್ಲಿ ಆರಂಭಿಸಿದ ಕ್ಷಣದಲ್ಲಿ, ನಾವು ಬಿಟ್ಟು ಬಂದ ಸ್ವರಕ್ಕೂ ಅವರು ಹಿಡಿದ ಸ್ವರಕ್ಕೂ ನಡುವೆ ಒಂದು ಬಿರುಕು ಎದ್ದು ಕಂಡಿತು. ನಾಲ್ಕು ಸೆಕೆಂಡುಗಳ ಅನುರಣನ ಆ ಬಿರುಕನ್ನು ಮರೆಮಾಡಲಿಲ್ಲ, ಇನ್ನಷ್ಟು ಹೊತ್ತು ಹಿಡಿದು ತೋರಿಸಿತು. ನಿರ್ದೇಶಕರು ನಮ್ಮನ್ನು ಗದರಲಿಲ್ಲ. ಮುಂದಿನ ವಾರದಿಂದ ಪ್ರತಿಯೊಂದು ಅಭ್ಯಾಸವೂ ‘ಲೋಕುಸ್ ಇಸ್ತೆ’ಯಿಂದಲೇ ಆರಂಭವಾಗುತ್ತದೆ ಎಂದೂ, ವರ್ಷದ ಕೊನೆಯ ಕಛೇರಿಯಲ್ಲಿ ಅದನ್ನು ಮತ್ತೊಮ್ಮೆ ಹಾಡುತ್ತೇವೆ ಎಂದೂ ಹೇಳಿದರು.

ಎರಡನೆಯದು ಕ್ರಿಸ್ಮಸ್ ಕಾಲದ ಕಛೇರಿ. ಹ್ಯಾಂಡೆಲ್ ಅವರ ‘ಮೆಸ್ಸಾಯ’ ಕೃತಿಯ ಮೊದಲ ಭಾಗ. 1741ರಲ್ಲಿ ಸುಮಾರು 24 ದಿನಗಳಲ್ಲಿ ಬರೆದು, 1742ರ ಏಪ್ರಿಲ್‌ನಲ್ಲಿ ಡಬ್ಲಿನ್‌ನಲ್ಲಿ ಧರ್ಮಾರ್ಥವಾಗಿ ಮೊದಲ ಬಾರಿಗೆ ಪ್ರಸ್ತುತಪಡಿಸಿದ ಈ ಕೃತಿಯ ಬಗ್ಗೆ ಹೊಸದಾಗಿ ಹೇಳುವುದು ಕಡಿಮೆ. ಹೆಚ್ಚು ಜನ ನೆರೆಯಲು ಅನುಕೂಲವಾಗುವಂತೆ ಹೆಂಗಸರು ಅಗಲವಾದ ಬಳೆಯ ಲಂಗ ಧರಿಸಬಾರದು, ಗಂಡಸರು ಖಡ್ಗ ತರಬಾರದು ಎಂದು ಡಬ್ಲಿನ್‌ನಲ್ಲಿ ಮೊದಲೇ ವಿನಂತಿಸಿಕೊಂಡಿದ್ದರಂತೆ. ಜನರಿಂದ ಕಿಕ್ಕಿರಿದ ಸಭಾಂಗಣದ ಸದ್ದೇ ಬೇರೆ ಎಂಬುದು ಮಾತ್ರ ನಮ್ಮ ಅನುಭವ. ಮನುಷ್ಯರ ದೇಹವೂ ಬಟ್ಟೆಯೂ ಶಬ್ದವನ್ನು ಹೀರಿಕೊಳ್ಳುತ್ತವೆ. ಖಾಲಿ ಚರ್ಚಿನಲ್ಲಿ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತಿದ್ದ ವೇಗದ ಸ್ವರಮಾಲೆಗಳು ಜನ ತುಂಬಿದ ಸಂಜೆ ಬಿಡಿಬಿಡಿಯಾಗಿ ಕೇಳಿಸುತ್ತವೆ. ಹಾಗೆಂದು ಅಭ್ಯಾಸದಲ್ಲಿ ಉದಾಸೀನ ತೋರುವಂತಿರಲಿಲ್ಲ. ‘ನಮಗಾಗಿ ಒಂದು ಮಗು ಹುಟ್ಟಿದೆ’ ಎಂಬ ಯೆಶಾಯನ ವಾಕ್ಯದ ವೃಂದಗಾನದಲ್ಲಿ ಒಂದೇ ಸ್ವರಾಕ್ಷರದ ಮೇಲೆ ಸಾಲುಸಾಲಾಗಿ ಓಡುವ ಸ್ವರಗಳನ್ನು ಮೊದಲು ಅರ್ಧ ವೇಗದಲ್ಲಿ, ಅನಂತರ ಪಿಸುಮಾತಿನಲ್ಲಿ, ಕೊನೆಗೆ ಪೂರ್ಣ ವೇಗದಲ್ಲಿ ಆದರೆ ಗಂಟಲನ್ನು ಬಿಗಿ ಮಾಡದೆ ಹಾಡುವುದನ್ನು ಆರು ವಾರ ಕಲಿತೆವು. ಹ್ಯಾಂಡೆಲ್ ಅವರ ನಿಧನಾನಂತರ, 1784ರಲ್ಲಿ, ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಐನೂರಕ್ಕೂ ಹೆಚ್ಚು ಕಲಾವಿದರು ಸೇರಿ ಈ ಸಂಗೀತವನ್ನು ನುಡಿಸಿ ಹಾಡಿದರು. ಅಲ್ಲಿಂದಾಚೆಗೆ ಬೃಹತ್ ವೃಂದಗಳೇ ರೂಢಿಯಾದವು. ನನಗೆ ಸಣ್ಣ ವೃಂದವೇ ಹಿತ. ಮೂವತ್ತೆಂಟು ಜನರಾದರೆ ಪ್ರತಿಯೊಬ್ಬರ ಉಸಿರಿಗೂ ಲೆಕ್ಕವಿರುತ್ತದೆ.

ಉಸಿರಿನ ಮಾತು ಬಂದದ್ದರಿಂದ ಒಂದು ಸಂಗತಿಯನ್ನು ವಿವರಿಸಬೇಕು, ಏಕೆಂದರೆ ಕೇಳುಗರು ಅನೇಕರು ಇದರ ಬಗ್ಗೆ ಕೇಳುತ್ತಾರೆ. ಉದ್ದವಾದ ಸ್ವರವೊಂದನ್ನು ವೃಂದವು ಎಲ್ಲಿಯೂ ಕಡಿಯದೆ ಹಿಡಿದಿರುವುದು ಹೇಗೆ? ಯಾರೂ ಅಷ್ಟು ಹೊತ್ತು ಉಸಿರು ಹಿಡಿಯುವುದಿಲ್ಲ. ನೆರೆಯವರು ಉಸಿರೆಳೆಯುವಾಗ ನಾವು ಎಳೆಯಬಾರದು ಎಂಬುದೊಂದೇ ನಿಯಮ. ಉಸಿರಿಗಾಗಿ ದನಿಯನ್ನು ನಿಲ್ಲಿಸುವಾಗ ಮೊದಲು ಮೆಲ್ಲಗಾಗಿಸಿ, ಮರಳಿ ಸೇರುವಾಗಲೂ ಮೆಲ್ಲಗೇ ಸೇರಬೇಕು. ಪದದ ನಡುವೆ ಉಸಿರೆಳೆದರೂ ಚಿಂತೆಯಿಲ್ಲ, ಆದರೆ ಪದದ ಕೊನೆಯ ವ್ಯಂಜನವನ್ನು ಮಾತ್ರ ಎಲ್ಲರೂ ಒಂದೇ ಗಳಿಗೆಯಲ್ಲಿ ಉಚ್ಚರಿಸಬೇಕು. ಲ್ಯಾಟಿನ್ ಪದಗಳ ಕೊನೆಯ ಸಕಾರವನ್ನು ಮೂವತ್ತೆಂಟು ಜನ ಮೂವತ್ತೆಂಟು ಗಳಿಗೆಗಳಲ್ಲಿ ಹೇಳಿದರೆ ಚರ್ಚಿನ ತುಂಬ ಹಾವಿನ ಬುಸುಗುಟ್ಟುವಿಕೆ ತುಂಬಿಕೊಳ್ಳುತ್ತದೆ. ಅದಕ್ಕಾಗಿ ನಮ್ಮಲ್ಲಿ ಕೆಲವರು ಸಕಾರವನ್ನು ಉಚ್ಚರಿಸುವುದೇ ಇಲ್ಲ. ಪಕ್ಕದವರ ಸಕಾರವೇ ಸಾಕಾಗುತ್ತದೆ. ಇನ್ನು ತಕಾರ, ದಕಾರ, ಕಕಾರಗಳನ್ನು ನಿರ್ದೇಶಕರು ನಮಗೆ ಮುಜುಗರವಾಗುವಷ್ಟು ಗಡುಸಾಗಿ ಹೇಳಿಸುತ್ತಾರೆ. ನಮ್ಮ ಬಾಯಿಯ ಬಳಿ ಅದು ಅತಿಯೆನಿಸುತ್ತದೆ. ಅನುರಣನದಲ್ಲಿ ಸ್ವರಾಕ್ಷರಗಳು ಬೆಳೆಯುತ್ತವೆ, ವ್ಯಂಜನಗಳು ಸವೆಯುತ್ತವೆ ಎಂಬುದು ಅವರ ವಾದ. ಇದನ್ನು ನಾನು ಬಹಳ ಕಾಲ ಗೌರವದಿಂದ ಪಾಲಿಸಿದೆನೇ ಹೊರತು ನಂಬಿರಲಿಲ್ಲ.

ಮೂರನೆಯ ಕಛೇರಿ ಆರ್ಗನ್ನಿನದು. ಬುಕ್ಸ್‌ಟೆಹೂಡೆ ಮತ್ತು ಬಾಖ್ ಇಬ್ಬರ ಕೃತಿಗಳನ್ನೇ ನುಡಿಸಿದ ಆ ಸಂಜೆಗಿಂತ ಅದರ ಹಿಂದಿನ ದಿನಗಳ ಸಿದ್ಧತೆ ನನ್ನ ಮನಸ್ಸಿನಲ್ಲಿ ಹೆಚ್ಚು ಉಳಿದಿದೆ. ಶ್ರುತಿ ಮಾಡುವವರು ಒಳಗೆ ಕೊಳವೆಗಳ ನಡುವೆ ಹತ್ತಿ ಕುಳಿತಿದ್ದರು. ನಾನು ಮಣೆಗಳ ಬಳಿ ಕುಳಿತು ಅವರು ಹೇಳಿದ ಸ್ವರದ ಮಣೆಯನ್ನು ಒತ್ತಿ ಹಿಡಿಯುವ ಕೆಲಸ ಮಾಡಿದೆ. ಕೊಳವೆಗಳಲ್ಲಿ ಎರಡು ಜಾತಿ. ಕೊಳಲಿನಂತೆ ಗಾಳಿ ಸೀಳಿ ನುಡಿಯುವಂಥವು ಒಂದು, ಲೋಹದ ನಾಲಗೆ ಕಂಪಿಸಿ ನುಡಿಯುವಂಥವು ಇನ್ನೊಂದು. ಗಾಳಿ ಬೆಚ್ಚಗಾದರೆ ಅದರಲ್ಲಿ ಶಬ್ದದ ವೇಗ ಹೆಚ್ಚುತ್ತದೆ, ಆದ್ದರಿಂದ ಮೊದಲ ಜಾತಿಯ ಕೊಳವೆಗಳ ಶ್ರುತಿ ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 3 ಸೆಂಟ್‌ನಷ್ಟು ಏರುತ್ತದೆ. ಅರ್ಧ ಸ್ವರವೆಂದರೆ 100 ಸೆಂಟ್. ಎರಡನೆಯ ಜಾತಿಯವು ಅಷ್ಟಾಗಿ ಕದಲುವುದಿಲ್ಲ. ಹೀಗಾಗಿ ಶ್ರುತಿ ಮಾಡಿದ ದಿನದ ಉಷ್ಣಾಂಶವೇ ಕಛೇರಿಯ ಸಂಜೆಯೂ ಇರದಿದ್ದರೆ ಒಂದೇ ವಾದ್ಯದ ಎರಡು ಬಳಗಗಳು ಪರಸ್ಪರ ಬೇರೆಯಾಗುತ್ತವೆ. ಅತಿ ತಗ್ಗಿನ 32 ಅಡಿಯ ಕೊಳವೆಯ ಮೊದಲ ಸ್ವರಕ್ಕೆ ಸೆಕೆಂಡಿಗೆ ಸುಮಾರು 16 ಕಂಪನ, ಅದು ಕಿವಿಗಿಂತ ಕುಳಿತ ಪೀಠಕ್ಕೆ ಮೊದಲು ತಿಳಿಯುತ್ತದೆ. ನಮ್ಮಲ್ಲಿರುವುದು 16 ಅಡಿಯದು. ನಮ್ಮ ಕಟ್ಟಡಕ್ಕೆ ಅಷ್ಟೇ ಸರಿ. ಹೊಸ ಆರ್ಗನ್ ಪರೀಕ್ಷಿಸುವಾಗ ಬಾಖ್ ಮೊದಲು ಕೊಳವೆಗಳ ಸಾಲುಗಳನ್ನು ನುಡಿಯುವಂತೆ ಮಾಡುವ ಗುಂಡಿಗಳನ್ನೆಲ್ಲ ಒಟ್ಟಿಗೇ ಎಳೆದು, ಅದರ ಶ್ವಾಸಕೋಶ ಗಟ್ಟಿಯಾಗಿದೆಯೇ ಎಂದು ನೋಡುತ್ತಿದ್ದರೆಂದು ಅವರ ಮಗ ದಾಖಲಿಸಿದ್ದಾರೆ. ನಮ್ಮ ವಾದಕರೂ ಅದನ್ನೇ ಮಾಡಿದರು. ಚಾವಣಿಯ ಸಂದಿನಿಂದ ಧೂಳು ಉದುರಿತು, ವಾದ್ಯ ತಡೆದುಕೊಂಡಿತು.

ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಾದ ತಪಸ್ಸುಕಾಲದ ನಾಲ್ಕನೆಯ ಕಛೇರಿಯಲ್ಲಿ ಹೈಡನ್ ಅವರ ‘ಶಿಲುಬೆಯ ಮೇಲಿನ ಏಳು ಮಾತುಗಳು’ ಕೃತಿಯನ್ನು ನಾಲ್ವರು ವಾದಕರು ನುಡಿಸಿದರು. ಸ್ಪೇನ್ ದೇಶದ ಕಾಡಿಸ್ ನಗರದ ಚರ್ಚೊಂದರ ಕೋರಿಕೆಯಂತೆ ಬರೆದ ಈ ಸಂಗೀತವನ್ನು ಅವರು 1787ರಲ್ಲಿ ತಂತಿವಾದ್ಯಗಳ ಚತುಷ್ಟಯಕ್ಕೂ ಅಳವಡಿಸಿದರು. ಕಾಡಿಸ್‌ನಲ್ಲಿ ಗೋಡೆ, ಕಿಟಕಿ, ಕಂಬಗಳಿಗೆಲ್ಲ ಕಪ್ಪು ಬಟ್ಟೆ ಹೊದಿಸಿ, ನಡುವೆ ಒಂದೇ ಒಂದು ದೊಡ್ಡ ದೀಪ ಉರಿಸುತ್ತಿದ್ದರು. ಬಿಷಪರು ಕ್ರಿಸ್ತನ ಒಂದೊಂದು ಮಾತನ್ನು ನುಡಿದು ವಿವರಿಸಿ, ಬಲಿಪೀಠದ ಮುಂದೆ ಮೊಣಕಾಲೂರಿದಾಗ ಆ ಮೌನವನ್ನು ಸಂಗೀತ ತುಂಬುತ್ತಿತ್ತು. ಒಂದೊಂದೂ ಸುಮಾರು ಹತ್ತು ನಿಮಿಷದ ಏಳು ವಿಳಂಬಗತಿಯ ರಚನೆಗಳನ್ನು ಕೇಳುಗರಿಗೆ ಬೇಸರವಾಗದಂತೆ ಬರೆಯುವುದು ಸುಲಭವಾಗಿರಲಿಲ್ಲ ಎಂದು ಹೈಡನ್ನರೇ ಹೇಳಿಕೊಂಡಿದ್ದಾರೆ. ಸಾಮಾನ್ಯ ಸಭಾಂಗಣದಲ್ಲಿ ಈ ಕೃತಿಯನ್ನು ನಾನು ಹಿಂದೊಮ್ಮೆ ಕೇಳಿದ್ದೆ, ಆಗ ಅದು ದೀರ್ಘವೆನಿಸಿತ್ತು. ಚರ್ಚಿನಲ್ಲಿ ಹಾಗಾಗಲಿಲ್ಲ. ಒಂದು ಸ್ವರ ಮುಗಿದ ಬಳಿಕ ಇನ್ನೊಂದು ಆರಂಭವಾಗುವ ನಡುವಿನ ಅವಕಾಶ ಅಲ್ಲಿ ಬರಿದಾಗಿರಲಿಲ್ಲ. ಹಿಂದಿನ ಸ್ವರದ ನೆರಳು ಅದರಲ್ಲಿ ನಿಂತಿರುತ್ತಿತ್ತು. ಕ್ರಿಸ್ತನ ಮರಣದ ವೇಳೆಯ ಭೂಕಂಪವನ್ನು ಚಿತ್ರಿಸುವ ಕೊನೆಯ ಭಾಗವನ್ನು ಮಾತ್ರ ನಮ್ಮ ಕಟ್ಟಡ ಸಹಿಸಲಿಲ್ಲವೆಂದೇ ನನ್ನ ಭಾವನೆ. ಅಷ್ಟು ವೇಗ, ಅಷ್ಟು ಬಲ ಒಟ್ಟಿಗೆ ಬಂದಾಗ ಕೇಳಿಸಿದ್ದು ಗದ್ದಲ, ಸಂಗೀತವಲ್ಲ. ಭೂಕಂಪಕ್ಕೆ ಅದೇ ತಕ್ಕದ್ದೆಂದು ವಾದಿಸಿದವರೂ ಇದ್ದಾರೆ.

ಐದನೆಯ ಕಛೇರಿಗೆ ಫೋರೆ ಅವರ ‘ರೆಕ್ವಿಯಂ’. ಮೃತರಿಗಾಗಿ ಹಾಡುವ ಈ ಬಲಿಪೂಜೆಯ ಸಂಗೀತ 1888ರಲ್ಲಿ, ಅವರೇ ವೃಂದನಿರ್ದೇಶಕರಾಗಿದ್ದ ಪ್ಯಾರಿಸ್ಸಿನ ಮಾದಲೆನ್ ಚರ್ಚಿನಲ್ಲಿ ಮೊದಲು ಕೇಳಿಬಂತು. ಅಂತ್ಯನ್ಯಾಯತೀರ್ಪಿನ ಭಯಂಕರ ವರ್ಣನೆಯ ದೀರ್ಘ ಪದ್ಯವನ್ನು ಫೋರೆ ಕೈಬಿಟ್ಟರು. ಪಿಟೀಲುಗಳನ್ನು ಬಹುಮಟ್ಟಿಗೆ ಬದಿಗಿರಿಸಿ, ಪಿಟೀಲಿಗಿಂತ ತಗ್ಗುದನಿಯ ವಯೋಲ ಮತ್ತು ಚೆಲ್ಲೊಗಳ ಕಂದು ಬಣ್ಣದ ನಾದದ ಮೇಲೆ ಇಡೀ ಕೃತಿಯನ್ನು ನಿಲ್ಲಿಸಿದರು. ಇದರಲ್ಲಿ ಆರ್ಗನ್ ಇಲ್ಲದೆ ಒಂದು ಹೆಜ್ಜೆಯೂ ಸಾಗುವುದಿಲ್ಲ. ನಮಗೆ ಅದೇ ತೊಡಕಾಯಿತು. ಆರ್ಗನ್ ಇರುವುದು ಹಿಂದಿನ ಗ್ಯಾಲರಿಯಲ್ಲಿ, ವೃಂದ ನಿಲ್ಲುವುದು ಮುಂದಿನ ಮೆಟ್ಟಿಲುಗಳ ಮೇಲೆ, ನಡುವೆ ಸುಮಾರು ಮೂವತ್ತು ಮೀಟರ್. ಶಬ್ದ ಸೆಕೆಂಡಿಗೆ 343 ಮೀಟರ್ ಸಾಗುತ್ತದೆಂದರೂ ಆ ದೂರಕ್ಕೆ ಸೆಕೆಂಡಿನ ಹನ್ನೊಂದರಲ್ಲೊಂದು ಪಾಲು ಹೊತ್ತು ಬೇಕು. ಆರ್ಗನ್ ಕೇಳಿಸಿದಾಗ ಹಾಡಿದರೆ ನಮ್ಮ ದನಿ ವಾದಕರನ್ನು ತಲುಪುವಷ್ಟರಲ್ಲಿ ಅದರ ಎರಡರಷ್ಟು ತಡವಾಗಿರುತ್ತದೆ. ಅವರು ನಮಗಾಗಿ ಕಾಯುತ್ತಾರೆ, ನಾವು ಅವರಿಗಾಗಿ ಕಾಯುತ್ತೇವೆ, ಕಾಲಪ್ರಮಾಣ ಎಳೆದುಕೊಂಡು ಹೋಗುತ್ತದೆ. ಎರಡು ಅಭ್ಯಾಸಗಳ ಬಳಿಕ ನಿರ್ದೇಶಕರು ಇಡೀ ವೃಂದವನ್ನೂ ವಾದಕರನ್ನೂ ಗ್ಯಾಲರಿಗೆ ಹತ್ತಿಸಿದರು. ಕೇಳುಗರು ಪೀಠದತ್ತ ಮುಖ ಮಾಡಿ ಕುಳಿತಿರುತ್ತಾರೆ, ಸಂಗೀತ ಅವರ ಬೆನ್ನ ಹಿಂದಿನಿಂದ, ಮೇಲಿನಿಂದ ಬರುತ್ತದೆ, ಹಾಡುವ ಒಂದು ಮುಖವೂ ಕಾಣುವುದಿಲ್ಲ. ಕೆಲವರು ಗೊಣಗಿದರು. ಮನೆಯವರಿಗೆ ನಾವು ಕಾಣಿಸುವುದೇ ಇಲ್ಲವಲ್ಲ ಎಂಬ ಅವರ ಬೇಸರ ನನಗೂ ಅರ್ಥವಾಗಿತ್ತು.

ಕಛೇರಿಗೆ ನಾಲ್ಕು ದಿನವಿದ್ದಾಗ ನನ್ನ ಗಂಟಲು ಕೆಟ್ಟಿತು. ಕೃತಿಯ ಎರಡನೆಯ ಭಾಗದಲ್ಲಿ ಆಲ್ಟೊ ಮತ್ತು ಟೆನರ್ ಎರಡೇ ದನಿಗಳು ಒಂದನ್ನೊಂದು ಹಿಂಬಾಲಿಸುತ್ತ ಆರಂಭಿಸುವ ಸಾಲುಗಳನ್ನು ವರ್ಷವಿಡೀ ಪ್ರೀತಿಯಿಂದ ಅಭ್ಯಾಸ ಮಾಡಿದ್ದೆ. ಅವನ್ನು ಹಾಡಲಾಗದೆಂದು ತಿಳಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಕಛೇರಿಯ ಸಂಜೆ ಹನ್ನೊಂದನೆಯ ಸಾಲಿನ ಅಂಚಿನಲ್ಲಿ ಕುಳಿತೆ. ಒಂಬತ್ತು ವರ್ಷಗಳಲ್ಲಿ ನಮ್ಮ ವೃಂದವನ್ನು ನಾನು ಹೊರಗಿನಿಂದ ಕೇಳಿದ್ದು ಅದೇ ಮೊದಲು. ಹಾಡುವವರಿಗೆ ತಮ್ಮ ವೃಂದ ಎಂದೂ ಕೇಳಿಸುವುದಿಲ್ಲ. ತಮ್ಮ ತಲೆಬುರುಡೆಯೊಳಗಿನ ದನಿ, ಎಡಬಲದ ಇಬ್ಬರ ದನಿ, ಹಿಂದಿನ ಸಾಲಿನಲ್ಲಿ ಗಟ್ಟಿಯಾಗಿ ಹಾಡುವ ಒಬ್ಬರ ದನಿ, ಅಷ್ಟೇ ಅವರ ಪಾಲಿಗೆ ಬರುವುದು.

ಮೊದಲ ಸ್ವರ ಕೇಳಿಸಿದಾಗ ಅದು ಯಾವ ದಿಕ್ಕಿನಿಂದ ಬಂತೆಂದು ನನಗೇ ಹೇಳಲಾಗಲಿಲ್ಲ. ಗ್ಯಾಲರಿಯಿಂದ ಹೊರಟದ್ದು ಮುಂದಿನ ಗೋಡೆಯನ್ನು ತಾಗಿ ಮರಳಿ, ಹಿಂದಿನಿಂದ ಬರುವ ಹೊಸ ಸ್ವರವನ್ನು ನಮ್ಮ ತಲೆಯ ಮೇಲೆ ಸಂಧಿಸುತ್ತಿತ್ತು. ನನಗೆ ಅತಿಯೆನಿಸಿದ್ದ ಆ ಗಡುಸಾದ ವ್ಯಂಜನಗಳು ಹನ್ನೊಂದನೆಯ ಸಾಲಿಗೆ ಬರುವ ಹೊತ್ತಿಗೆ ಸಾಮಾನ್ಯ ಮಾತಿನ ಹದಕ್ಕೆ ಇಳಿದಿದ್ದವು. ಅಷ್ಟು ಗಡುಸಾಗಿ ಹೇಳಿರದಿದ್ದರೆ ಪದಗಳೇ ಇರುತ್ತಿರಲಿಲ್ಲ. ಆಲ್ಟೊ ದನಿಯನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ ಎಂಬ ಅಳಲು ನಮ್ಮ ಸಾಲಿನಲ್ಲಿ ಹಳೆಯದು. ಅದು ತಪ್ಪು ಎಂದು ಅಂದು ತಿಳಿಯಿತು. ಆ ದನಿ ಬೇರೆಯಾಗಿ ಕೇಳಿಸಲಿಲ್ಲ, ನಿಜ, ಆದರೆ ಫೋರೆ ಆಲ್ಟೊಗಳನ್ನು ಸುಮ್ಮನಿರಿಸುವ ಕಡೆಗಳಲ್ಲೆಲ್ಲ ನಾದವು ತೆಳ್ಳಗಾಗಿ ಬೆಳಕಿನಂತಾಗುತ್ತಿತ್ತು, ಅವರು ಮರಳಿದಾಗ ಅದಕ್ಕೆ ಮೈ ಬರುತ್ತಿತ್ತು. ಆಲ್ಟೊ ಮತ್ತು ಟೆನರ್ ದನಿಗಳ ಆ ಸಾಲುಗಳು ಬಂದಾಗ ನನ್ನ ತುಟಿ ಅಲುಗುತ್ತಿತ್ತೆಂದು ಪಕ್ಕದಲ್ಲಿ ಕುಳಿತಿದ್ದವರು ಆಮೇಲೆ ಹೇಳಿದರು.

ಸ್ವರ್ಗಕ್ಕೆ ಬೀಳ್ಕೊಡುವ ಕೊನೆಯ ಭಾಗ ಮುಗಿದ ಮೇಲೆ, ಮೊದಲೇ ಕೋರಿಕೊಂಡಂತೆ, ಯಾರೂ ಚಪ್ಪಾಳೆ ತಟ್ಟಲಿಲ್ಲ. ಆರ್ಗನ್ನಿನಿಂದ ಒಂದು ಮೆಲುವಾದ ಸ್ವರ ಬಂತು, ನಿಂತಿತು, ಅನಂತರ ‘ಲೋಕುಸ್ ಇಸ್ತೆ’. ಬೇಸ್ ದನಿ ಹಿಂದೆ ಸರಿಯುವ ನಡುವಿನ ಭಾಗಕ್ಕೆ ಬಂದಾಗ ನಾನು ಕೈಗಳೆರಡನ್ನೂ ಬಿಗಿಯಾಗಿ ಹಿಡಿದುಕೊಂಡಿದ್ದೆ. ಮೂರು ದನಿಗಳು ಅರ್ಧರ್ಧ ಸ್ವರ ಸರಿಯುತ್ತ, ಹೋಗಬೇಕಾದಷ್ಟೇ ಹೋಗಿ, ನಿಲ್ಲಬೇಕಾದಲ್ಲಿ ನಿಂತವು. ಬೇಸ್ ದನಿ ಮರಳಿದಾಗ ಅದಕ್ಕಾಗಿ ಬಿಟ್ಟಿದ್ದ ಜಾಗ ಇದ್ದಲ್ಲೇ ಇತ್ತು. ಈ ಗೀತದ ಕೊನೆಯ ಪದಗುಚ್ಛಕ್ಕೂ ಮುನ್ನ ಬ್ರುಕ್ನರ್ ಎಲ್ಲ ನಾಲ್ಕು ದನಿಗಳಿಗೂ ಒಂದು ಪೂರ್ಣ ವಿರಾಮವನ್ನು ಬರೆದಿದ್ದಾರೆ. ಅಭ್ಯಾಸದಲ್ಲಿ ನಾವು ಅದನ್ನು ಎಣಿಸುತ್ತಿದ್ದೆವು. ಕೆಳಗೆ ಕುಳಿತವರಿಗೆ ಅಲ್ಲಿ ಎಣಿಸುವಂಥ ಖಾಲಿ ಏನೂ ಇರಲಿಲ್ಲ. ಹಾಡುವವರು ಬಾಯಿ ಮುಚ್ಚಿದ ಮೇಲೂ ಆ ಸ್ವರಮೇಳವನ್ನು ಕಟ್ಟಡ ಹಾಡುತ್ತಲೇ ಇತ್ತು, ಅದು ತಗ್ಗುತ್ತ ತಗ್ಗುತ್ತ ಬಂದು ಇನ್ನೇನು ಅಡಗಬೇಕೆನ್ನುವಾಗ ಕೊನೆಯ ಪದಗಳು ಅದೇ ಶ್ರುತಿಯ ಮೇಲೆ ಬಂದು ಕುಳಿತವು.

ಜನರೆಲ್ಲ ಹೊರಟ ಮೇಲೆ ನಿರ್ದೇಶಕರು ಗ್ಯಾಲರಿಯ ಮೆಟ್ಟಿಲಿಳಿದು ನೇರವಾಗಿ ನನ್ನ ಬಳಿಗೆ ಬಂದರು. ‘ಶ್ರುತಿ ನಿಂತಿತ್ತೇ?’ ಎಂದು ಕೇಳಿದರು. ನಿಂತಿತ್ತು ಎಂದೆ. ‘ವ್ಯಂಜನಗಳು?’ ಎಂದರು. ಹನ್ನೊಂದನೆಯ ಸಾಲಿನವರೆಗೆ ಸ್ಪಷ್ಟವಾಗಿ ಬಂದವು ಎಂದೆ. ಅವರು ಪೀಠದ ಹತ್ತಿರದ ಸಾಲುಗಳತ್ತ ಒಮ್ಮೆ ನೋಡಿ, ಗ್ಯಾಲರಿಯಿಂದ ಹಾಡುವಾಗ ಅವೇ ಅತಿ ದೂರದವಲ್ಲವೇ ಎಂದು ನೆನಪಿಸಿ, ಮುಂದಿನ ಸರಣಿಯ ಅಭ್ಯಾಸ ಆರಂಭವಾದಾಗ ಒಂದು ಸಂಜೆ ಹಾಡದೆ ಮೊದಲ ಸಾಲಿನಲ್ಲಿ ಕುಳಿತು ಕೇಳಲು ಆಗುವುದೇ ಎಂದು ವಿಚಾರಿಸಿದರು. ಆಗಲಿ ಎಂದು ಒಪ್ಪಿಕೊಂಡಿದ್ದೇನೆ.